ಕರುಣಾಳ ಚಪ್ಪಲಿ

ಆಗಿನ ಈಸ್ಟರ್ ಹಬ್ಬ ಅಂಗಡಿಯಿಂದ ಬರುತ್ತಿರಲಿಲ್ಲ. ಈಗ ನೋಡ್ರಿ, ಹೈದರಾಬಾದಿನ ಮಣಿಕೊಂಡದ ನಮ್ಮ ಮನೆ ಬಾಗಿಲಿಗೆ ಚಾಕಲೇಟಿನ ಮೊಟ್ಟೆಗಳು ತಾವಾಗಿಯೇ ಬಂದು ಬೀಳುತ್ತವೆ, ಮೈತುಂಬ ಬಂಗಾರದ ಕಾಗದ ಸುತ್ತಿಕೊಂಡು. ನನ್ನ ಮಕ್ಕಳು ತಿಂದು ಮುಗಿಸಿ, ಹಬ್ಬ ಯಾವತ್ತು ಅಂತ ಆಮೇಲೆ ಕೇಳುತ್ತಾರೆ. ನಮ್ಮ ಕಾಲದಲ್ಲಿ ಹಬ್ಬ ಬರುವುದು ಮೊದಲು ಹೊಟ್ಟೆಗೆ ತಿಳಿಯುತ್ತಿತ್ತು. ಹಬ್ಬದ ಮುಂಚಿನ ಉಪವಾಸದ ನಲವತ್ತು ದಿನ ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ, ಸಕ್ಕರೆ ಚಹಾಕ್ಕಷ್ಟೇ. ಪಕ್ಕದ ಮನೆಯಿಂದ ಬಿರಿಯಾನಿ ವಾಸನೆ ಬಂದರೆ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಎದ್ದು ಹೋಗಿ ಕಿಟಕಿ ಮುಚ್ಚಿಬಿಡುತ್ತಿದ್ದಳು. ಮೂಗಿನಿಂದ ತಿಂದರೂ ತಿಂದಂಗೇ ಅನ್ನುವುದು ಅವಳ ನ್ಯಾಯ.

ನಾವು ಬೀದರ ಕಡೆಯ ಕನ್ನಡ ಕ್ರೈಸ್ತರು. ಹೈದರಾಬಾದಿನಲ್ಲಿ ಈ ಮಾತು ಹೇಳಿದರೆ ಜನ ಎರಡೆರಡು ಸಲ ಮುಖ ನೋಡುತ್ತಿದ್ದರು. ಕನ್ನಡದವರಿಗೆ ನಾವು ಕ್ರೈಸ್ತರು, ಕ್ರೈಸ್ತರಿಗೆ ನಾವು ಕನ್ನಡದವರು. ನಾರಾಯಣಗೂಡದ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿದ್ದ. ನಸುಕಿನಲ್ಲಿ ಬಸ್ ಹಿಡಿದು ಹೋದರೆ ಬರುವಾಗ ಅಂಗಿಗೆಲ್ಲ ಕಹಿ ಗುಳಿಗೆಯ ವಾಸನೆ. ಭಾಳ ಕಡಿಮೆ ಮಾತಿನ ಮನುಷ್ಯ. ಮಾತೆಲ್ಲ ಅವ್ವನದು, ಆಯಿಯದು. ಮಕ್ಕಳು ನಾವು ಮೂವರು: ದೊಡ್ಡವನು ಸ್ಯಾಮಣ್ಣ, ನಡುವೆ ನಾನು ಎಸ್ತೇರ, ಎಲ್ಲರ ಬಾಯಲ್ಲಿ ಎಸ್ತಿ. ಕೊನೆಯವಳು ಕರುಣಾ.

ನಮ್ಮ ಮನೆಯ ಈಸ್ಟರ್ ಅಂದರೆ ಗೂಡು ರೊಟ್ಟಿ. ಆಯಿ ಹರೆಯದಲ್ಲಿ ಬೀದರಿನಲ್ಲಿ ಒಬ್ಬ ಮಿಸ್ಸಮ್ಮನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳಂತೆ. ಬಿಳಿ ಹೆಂಗಸು, ಮಿಶನ್ನಿನವಳು. ಅವಳು ತನ್ನ ಊರಿಗೆ ವಾಪಸ್ ಹೋದಳು, ರೊಟ್ಟಿ ನಮ್ಮ ಮನೆಯಲ್ಲಿ ಉಳಿಯಿತು. ಮೈದಾ, ಹಾಲು, ಸಕ್ಕರೆ, ಬೆಣ್ಣೆ, ಏಲಕ್ಕಿ ಪುಡಿ. ಬೇಕರಿಯಿಂದ ಬೇಡಿ ತಂದ ಖಮೀರ ಹಾಕಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟರೆ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬರುತ್ತಿತ್ತು. ಅದನ್ನು ಹಗ್ಗದಂತೆ ಹೊಸೆದು, ಎರಡೆರಡು ಎಳೆ ಸೇರಿಸಿ ಜಡೆ ಹೆಣೆದಂಗೆ ಹೆಣೆದು, ದುಂಡಗೆ ಸುತ್ತಿ ಹಕ್ಕಿಯ ಗೂಡು ಮಾಡುತ್ತಿದ್ದಳು ಅವ್ವ. ನಡುವೆ ಒಂದು ಮೊಟ್ಟೆ. ಉಳ್ಳಾಗಡ್ಡಿ ಸಿಪ್ಪೆ ಹಾಕಿ ಕುದಿಸಿದ ಮೊಟ್ಟೆ, ಕೆಂಪು ಮಣ್ಣಿನ ಬಣ್ಣ ಬರುತ್ತಿತ್ತು. ಮೊಟ್ಟೆ ಅಂದರೆ ಮುಚ್ಚಿದ ಸಮಾಧಿ, ಒಳಗಿಂದ ಜೀವ ಒಡೆದು ಬರತದ ಅಂತ ಆಯಿ ವಿವರಿಸುತ್ತಿದ್ದಳು. ಕುದಿಸಿದ ಮೊಟ್ಟೆಯಿಂದ ಏನು ಬರತದ ಅಂತ ಸ್ಯಾಮಣ್ಣ ಒಮ್ಮೆ ಕೇಳಿ ತಲೆಗೆ ಮೊಟಕಿಸಿಕೊಂಡ.

ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಗೂಡು. ದೊಡ್ಡದು ಸ್ಯಾಮಣ್ಣನದು, ಮಧ್ಯಮದ್ದು ನನ್ನದು, ಸಣ್ಣದು ಕರುಣಾಳದು. ಅವ್ವ ಹಿಟ್ಟು ಹರಿಯುವಾಗ ನೋಡುತ್ತಲೂ ಇರಲಿಲ್ಲ. ಕಿಟಕಿಯಲ್ಲಿ ನಿಂತ ಪಕ್ಕದ ಮನೆಯಾಕೆಯ ಜೊತೆ ತೆಲುಗಿನಲ್ಲಿ ಹರಟೆ ನಡೆದಿರುತ್ತಿತ್ತು, ಕೈ ತನ್ನ ಪಾಡಿಗೆ ದೊಡ್ಡದು, ಮಧ್ಯಮ, ಸಣ್ಣದು ಅಂತ ಹರಿದು ಇಡುತ್ತಿತ್ತು.

ಮನೆಯಲ್ಲಿ ಒಲೆ ಇತ್ತು, ಬೇಯಿಸುವ ಭಟ್ಟಿ ಇರಲಿಲ್ಲ. ಗಲ್ಲಿಯ ತುದಿಯ ಇರಾನಿ ಬೇಕರಿಯ ಚಾಚಾ ಹಬ್ಬದ ಹಿಂದಿನ ದಿನ ಮಧ್ಯಾಹ್ನ ತನ್ನ ಬಿಸ್ಕೀಟು ತೆಗೆದ ಮೇಲೆ ಭಟ್ಟಿಯನ್ನು ನಮ್ಮಂಥವರಿಗೆ ಬಿಟ್ಟುಕೊಡುತ್ತಿದ್ದ. ರಮಜಾನಿಗೆ ಮುಸಲ್ಮಾನರ ತಟ್ಟೆ, ಕ್ರಿಸ್ಮಸ್ಸಿಗೆ, ಈಸ್ಟರಿಗೆ ನಮ್ಮ ತಟ್ಟೆ. ತಟ್ಟೆ ಅದಲು ಬದಲಾಗಬಾರದು ಅಂತ ಒಬ್ಬೊಬ್ಬರದು ಒಂದೊಂದು ಗುರುತು. ನಮ್ಮದು ಗೂಡಿನ ಅಂಚಿಗೆ ಚುಚ್ಚಿದ ಲವಂಗ. ಉದ್ದನೆಯ ಕಟ್ಟಿಗೆಯ ಸಟ್ಟುಗದಿಂದ ಚಾಚಾ ತಟ್ಟೆಯನ್ನು ಒಳಗೆ ದೂಡಿದರೆ ನಾವು ಹೊರಗೆ ಮೈದಾ ಚೀಲದ ಮೇಲೆ ಕುಂತು ವಾಸನೆ ಕಾಯುವುದು. ಮೊದಲು ಬೆಣ್ಣೆ, ಆಮೇಲೆ ಏಲಕ್ಕಿ, ಕೊನೆಗೆ ಲವಂಗ. ಲವಂಗ ಬಂತು ಅಂದರೆ ಕರುಣಾ ಎದ್ದು ನಿಂತು "ಚಾಚಾ, ಹೋಗಯಾ", ಅಂದರೆ ಆಯಿತು ಅಂತ ಕೂಗುತ್ತಿದ್ದಳು. ಒಂದು ಸಲವೂ ಅವಳ ಲೆಕ್ಕ ತಪ್ಪಿದ್ದಿಲ್ಲ.

ಹಬ್ಬದ ಬೆಳಿಗ್ಗೆ ಮೊಟ್ಟೆ ಗುದ್ದುವ ಆಟ. ಮೊಟ್ಟೆಗೆ ಮೊಟ್ಟೆ ಗುದ್ದಿ ಯಾರದು ಒಡೆಯುತ್ತದೋ ಅವರು ತಮ್ಮ ರೊಟ್ಟಿಯಲ್ಲಿ ಒಂದು ತುಂಡು ಗೆದ್ದವರಿಗೆ ಕೊಡಬೇಕು. ಕರುಣಾ ಪ್ರತಿ ವರ್ಷ ಗೆಲ್ಲುತ್ತಿದ್ದಳು. ಕಣ್ಣು ಮುಚ್ಚಿ ಗುದ್ದಬೇಕು ಅನ್ನುವ ನಿಯಮ ಮಾಡಿದವಳೂ ಅವಳೇ, ಸಂದಿಯಲ್ಲಿ ಒಂದು ಕಣ್ಣು ತೆಗೆಯುವವಳೂ ಅವಳೇ. ನನಗೆ ಗೊತ್ತಿತ್ತು. ಹೋಗಲಿ ಸಣ್ಣಾಕಿ ಅಂತ ಸುಮ್ಮನಿರುತ್ತಿದ್ದೆ, ಹೊಟ್ಟೆ ಉರಿಯುತ್ತಿದ್ದರೂ.

ಇನ್ನೊಂದು ಅವಳ ಗುಣ ಅಂದರೆ ಕಾಲಿಗೆ ಚಪ್ಪಲಿ ನಿಲ್ಲುತ್ತಿರಲಿಲ್ಲ. ಎಲ್ಲಿಗೆ ಹೋದರೂ ಒಂದು ಬಿಟ್ಟು ಬರುವವಳು. ಕೊನೆಗೆ ಒಂದು ಬೇಸಿಗೆಯಲ್ಲಿ ಅಪ್ಪ ಕೋಟಿ ಬಜಾರಿನಿಂದ ಅವಳಿಗೆ ಪ್ಲಾಸ್ಟಿಕ್ ಚಪ್ಪಲಿ ತಂದ. ಗುಲಾಬಿ ಬಣ್ಣ, ಹಿಮ್ಮಡಿಗೆ ಪಟ್ಟಿ, ಪಟ್ಟಿಗೆ ಬಕಲು. ಬಕಲು ಇದ್ದರೆ ಹೆಂಗ ಕಳೀತಾಳ ನೋಡೋಣು ಅನ್ನುವುದು ಅವನ ವಿಚಾರ. ಬೆಳೆಯುವ ಕಾಲು ಅಂತ ದೊಡ್ಡ ಸೈಜು ತಂದಿದ್ದ. ಅವಳು ಹಾಕಿಕೊಂಡು ನಾಲ್ಕು ಹೆಜ್ಜೆ ಹೋದರೆ ಕಾಲು ಮುಂದೆ ಜಾರಿ ಹಿಮ್ಮಡಿ ಹಿಂದೆ ಖಾಲಿ ಉಳಿಯುತ್ತಿತ್ತು. ಮುಂದಿನ ವರ್ಷಕ್ಕೆ ಸರಿ ಆಗತಾವ ಅಂತ ಅವ್ವ ಅವನ್ನು ಕಾಗದದಲ್ಲಿ ಸುತ್ತಿ ಟ್ರಂಕಿನ ಮೇಲೆ ಇಟ್ಟಳು.

ಆ ಮಳೆಗಾಲದಲ್ಲಿ ಕರುಣಾ ಹೋದಳು. ಜ್ವರ ಬಂತು, ತಲೆಗೆ ಏರಿತು, ದವಾಖಾನೆಯಿಂದ ಅಪ್ಪ ಅವಳನ್ನು ಚಾದರದಲ್ಲಿ ಸುತ್ತಿಕೊಂಡು ಬಂದ. ಅವಳಿಗೆ ಆಗ ಆರು, ನನಗೆ ಎಂಟು. ನಾರಾಯಣಗೂಡದ ಸಮಾಧಿ ತೋಟದಲ್ಲಿ, ಗೋಡೆಯ ಹತ್ತಿರದ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದರು. ಬಿಳಿ ಫ್ರಾಕು ಹಾಕಿದ್ದರು, ತಲೆಗೆ ಹೂ ಮುಡಿಸಿದ್ದರು. ಕಾಲಿಗೆ ಬಿಳಿ ಕಾಲುಚೀಲ ಅಷ್ಟೇ. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಅವ್ವ ಅಳಲಿಲ್ಲ. ಅವತ್ತೂ ಅಳಲಿಲ್ಲ, ಆಮೇಲೂ ಇಲ್ಲ. ಪಾತ್ರೆ ತೊಳೆದಳು, ಅನ್ನಕ್ಕಿಟ್ಟಳು, ಕಿಟಕಿಯಲ್ಲಿ ಹರಟೆ ಬಿಟ್ಟಳು. ಆಯಿಯೇ ನನ್ನನ್ನು ಮಗ್ಗುಲಿಗೆ ಎಳೆದುಕೊಂಡು ಹೇಳಿದ್ದು:

"ಅಳಬ್ಯಾಡ ಎಸ್ತಿ. ಮಲ್ಕೊಂಡಾಳ. ಯೇಸಪ್ಪ ಎದ್ದಂಗ ಆಕಿನೂ ಏಳ್ತಾಳ."

ಆಯಿ ಹೇಳಿದ್ದು ಎಲ್ಲ ಕ್ರೈಸ್ತರ ಮನೆಯಲ್ಲಿ ಮಣ್ಣಿಗೆ ಬಂದವರು ಹೇಳುವ ಮಾತು. ಆದರೆ ನನಗೆ ಎಂಟು ವರ್ಷ. ಯೇಸಪ್ಪ ಎದ್ದದ್ದು ಯಾವತ್ತು ಅಂತ ನನಗೆ ಚಲೋ ಗೊತ್ತಿತ್ತು. ಈಸ್ಟರ್ ಐತವಾರ, ಬೆಳಕು ಹರಿಯುವ ಮುಂಚೆ. ಹಂಗಾದರೆ ಕರುಣಾಳೂ ಅವತ್ತೇ. ನಾನು ಯಾರನ್ನೂ ಕೇಳಲಿಲ್ಲ, ಕೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮಳೆಗಾಲದಿಂದ ಬೇಸಿಗೆವರೆಗೆ ಕಾಯುವುದು ಅಷ್ಟೇ ನನ್ನ ಕೆಲಸ. ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದುದನ್ನು ನೋಡಿ, ಇವರೂ ಕಾಯಲಾಕತ್ಯಾರ ಅಂದುಕೊಂಡೆ. ಟ್ರಂಕಿನ ಮೇಲಿನ ಚಪ್ಪಲಿಯನ್ನು ಆಗಾಗ ತೆಗೆದು ನೋಡುತ್ತಿದ್ದೆ. ಮಕ್ಕಳು ಬೆಳೆಯುವುದು ನಿದ್ದೆಯಲ್ಲೇ ಅಂತ ಆಯಿ ನಮ್ಮನ್ನು ಮಲಗಿಸುವಾಗ ದಿನಾ ಹೇಳುತ್ತಿದ್ದಳು. ಇಷ್ಟು ದಿನ ಮಲಗಿದ ಮೇಲೆ ಕರುಣಾಳ ಕಾಲಿಗೆ ಈ ಚಪ್ಪಲಿ ಸರಿಯಾಗಿ ಕೂಡುತ್ತವೆ ಅಂತ ನನಗೆ ಖಾತ್ರಿ ಇತ್ತು.

ಉಪವಾಸದ ದಿನಗಳು ಬಂದವು. ಆ ವರ್ಷ ಹಬ್ಬ ಮಾಡುವುದು ಬೇಡ ಅಂತ ಅಪ್ಪ ಅಂದನಂತೆ. ಮಕ್ಕಳು ಇನ್ನೂ ಇಬ್ಬರು ಇದಾರ, ಅವರೇನು ಪಾಪ ಮಾಡ್ಯಾರ ಅಂತ ಆಯಿ ಹಟ ಹಿಡಿದಳು. ಹಬ್ಬದ ಹಿಂದಿನ ಶನಿವಾರ ಅವ್ವ ಮೈದಾ ನಾದಿದಳು. ಕಿಟಕಿ ಮುಚ್ಚಿತ್ತು. ಹರಟೆ ಇಲ್ಲದಿದ್ದರೂ ಅವಳ ಕಣ್ಣು ಹಿಟ್ಟಿನ ಮೇಲೆ ಇರಲಿಲ್ಲ, ಗೋಡೆಯ ಮೇಲೆ ಎಲ್ಲೋ ಇತ್ತು. ನಾನು ಎದುರಿಗೆ ಕುಂತು ಅವಳ ಕೈ ನೋಡುತ್ತಿದ್ದೆ. ದೊಡ್ಡದು ಹರಿದಳು. ಮಧ್ಯಮ ಹರಿದಳು. ನಾನು ಮುಂದೆ ಬಾಗಿದೆ. ಸಣ್ಣದು ಹರಿದಳು. ಮೂರನ್ನೂ ಹೊಸೆದು ಹೆಣೆದು ಸುತ್ತಿ, ಮೂರರ ನಡುವೆ ಮೂರು ಮೊಟ್ಟೆ ಇಟ್ಟು, ಲವಂಗ ಚುಚ್ಚಿ, ಬಟ್ಟೆ ಹೊದಿಸಿ, ಕೈ ತೊಳೆದು, ದೇವಾಲಯಕ್ಕೆ ಹೂ ಕಟ್ಟಲು ಹೊರಟು ಹೋದಳು. ಅವ್ವನಿಗೂ ಗೊತ್ತದ. ಅವ್ವನೂ ಕಾಯಲಾಕತ್ಯಾಳ.

ತಟ್ಟೆ ಹೊತ್ತವನು ಸ್ಯಾಮಣ್ಣ. ಗಲ್ಲಿಯಲ್ಲಿ ಗಾಳಿಗೆ ಬಟ್ಟೆ ಸರಿಯಿತು, ಅವನೂ ನೋಡಿದ. ನಿಂತುಬಿಟ್ಟ. ಹನ್ನೊಂದು ವರ್ಷದ ಹುಡುಗ, ಅವನ ಮುಖ ದೊಡ್ಡವರ ಮುಖದಂಗೆ ಆಗಿತ್ತು. "ಅವ್ವನ ಮುಂದ ಏನೂ ಅನಬ್ಯಾಡ," ಅಂದ. ಸರಿ ಅಂದೆ. ನಾಳೆವರೆಗೆ ಗುಟ್ಟು ಇಡಬೇಕು ಅಂತ ನಾನು ತಿಳಿದೆ. ಭಟ್ಟಿಯ ಚಾಚಾನಿಗೆ ನಮ್ಮ ಮನೆಯ ವಿಷಯ ಗೊತ್ತಿತ್ತು. ಬಟ್ಟೆ ತೆಗೆದವನು ಸಣ್ಣ ಗೂಡನ್ನು ನೋಡಿದ, ನಮ್ಮಿಬ್ಬರನ್ನು ನೋಡಿದ, ತಟ್ಟೆಯನ್ನು ಮೆಲ್ಲಗೆ ಒಳಗೆ ದೂಡಿದ. ಬೆಣ್ಣೆ ಬಂತು, ಏಲಕ್ಕಿ ಬಂತು, ಲವಂಗ ಬಂತು. ಕೂಗುವವರು ಇರಲಿಲ್ಲ. ಸಣ್ಣ ಗೂಡಿನ ಅಂಚು ಸ್ವಲ್ಪ ಸೀದಿತು. ಮನೆಯಲ್ಲಿ ಆಯಿ ತಟ್ಟೆ ಇಸಿದುಕೊಂಡು ನೋಡಿ, ಮತ್ತೆ ಬಟ್ಟೆ ಮುಚ್ಚಿ ಕಪಾಟಿನ ಒಳಗೆ ಹಿಂದೆ ಸರಿಸಿಟ್ಟಳು. ಬೆಳಗಾಗೂತನಾ ಯಾರೂ ಮುಟ್ಟಬ್ಯಾಡ್ರಿ ಅಂದಳು. ಅವಳಿಗೂ ಗೊತ್ತದ ಅಂದುಕೊಂಡೆ.

ಈಸ್ಟರ್ ನಸುಕಿನಲ್ಲಿ ನಮ್ಮ ಊರಿನ ಕ್ರೈಸ್ತರು ಸಮಾಧಿ ತೋಟಕ್ಕೆ ಹೋಗುತ್ತಾರೆ. ಹಿಂದಿನ ದಿನವೇ ಸಮಾಧಿಗೆಲ್ಲ ಸುಣ್ಣ ಬಳಿದಿರುತ್ತಾರೆ. ಕತ್ತಲೆಯಲ್ಲಿ ಅವು ಬೆಳ್ಳಗೆ ಕಾಣುತ್ತವೆ. ತೆಲುಗಿನವರು ಒಂದು ಕಡೆ, ತಮಿಳರು ಒಂದು ಕಡೆ, ನಾವು ಕನ್ನಡದವರು ನಾಲ್ಕಾರು ಮನೆ ಒಂದು ಮೂಲೆಗೆ, ತಮ್ಮ ತಮ್ಮವರ ಮೇಲೆ ಚೆಂಡುಹೂ ಹಾಕಿ, ಮೇಣದ ಬತ್ತಿ ಹಚ್ಚಿ ನಿಲ್ಲುವುದು. ಕ್ರಿಸ್ತ ಎದ್ದಿದಾನ ಅಂತ ಒಬ್ಬರು ಅಂದರೆ, ಖರೇನೇ ಎದ್ದಿದಾನ ಅಂತ ಉಳಿದವರು ಅನ್ನಬೇಕು. ಅವತ್ತು ನನ್ನಷ್ಟು ಜೋರಾಗಿ ಅಂದವರು ಇರಲಿಲ್ಲ. ನನ್ನ ಹೆಗಲಿಗೆ ಶಾಲೆಯ ಚೀಲ. ಅದರೊಳಗೆ ಕಾಗದದಲ್ಲಿ ಸುತ್ತಿದ ಗುಲಾಬಿ ಚಪ್ಪಲಿ, ಎಲ್ಲರಿಗಿಂತ ಮುಂಚೆ ಎದ್ದು ಕಪಾಟಿನಿಂದ ತೆಗೆದು ಕರವಸ್ತ್ರದಲ್ಲಿ ಕಟ್ಟಿದ ಸಣ್ಣ ಗೂಡು ರೊಟ್ಟಿ. ಎದ್ದ ತಕ್ಷಣ ಹಸಿವಾಗಿರುತ್ತದಲ್ಲ. ಮಳೆಗಾಲದಿಂದ ಏನೂ ತಿಂದಿಲ್ಲ.

ಕರುಣಾಳದು ಆಗಿನ್ನೂ ಮಣ್ಣಿನ ದಿಬ್ಬ. ಸುತ್ತ ಸುಣ್ಣ ಬಳಿದ ಇಟ್ಟಿಗೆ. ನಾನು ಕಾಲಿನ ಕಡೆ ಕುಂತೆ, ಎದ್ದರೆ ಮೊದಲು ಅಲ್ಲಿಂದಲೇ ಇಳಿಯುವಳು ಅಂತ. ಪಾದ್ರಿಯವರು ಉರುಳಿಸಿದ ಕಲ್ಲಿನ ಕಥೆ ಹೇಳಿದರು, ಸಮಾಧಿ ಖಾಲಿ ಇತ್ತು ಅಂತ ಹೇಳಿದರು. ಹಾಡಿದರು. ಬೇವಿನ ಗಿಡದಲ್ಲಿ ಕಾಗೆ ಎದ್ದವು. ಗೋಡೆಯ ಆಚೆ ಮೊದಲ ಬಸ್ಸು ಹೋಯಿತು. ಬೆಳಕು ಬಿತ್ತು. ದಿಬ್ಬದ ಮಣ್ಣು ಹಂಗೇ ಇತ್ತು. ಒಂದು ಇರುವೆಯ ಸಾಲು ಅದರ ಮೇಲೆ ಹತ್ತಿ ಇಳಿಯುತ್ತಿತ್ತು. ಜನ ಆರಾಧನೆಗೆ ಹೊತ್ತಾಯಿತು ಅಂತ ಮೇಣದ ಬತ್ತಿ ಬಿಟ್ಟು ಹೊರಡತೊಡಗಿದರು. ಅಪ್ಪ ನನ್ನ ತಲೆ ಮುಟ್ಟಿ ನಡಿ ಅಂದ.

"ನೀವ್ ಹೋಗ್ರಿ," ಅಂದೆ. "ಕರುಣಾ ಎದ್ದ ಮ್ಯಾಲ ನಾ ಕರ್ಕೊಂಡ್ ಬರ್ತೀನಿ."

ಅಪ್ಪನಿಗೆ ತಿಳಿಯಲಿಲ್ಲ. ಅವ್ವನಿಗೂ ತಿಳಿಯಲಿಲ್ಲ. ನಾನು ಚೀಲ ಬಿಚ್ಚಿ ಚಪ್ಪಲಿ ತೆಗೆದು ದಿಬ್ಬದ ಕಾಲಿನ ಕಡೆ ಜೋಡಿಸಿ ಇಟ್ಟೆ, ಹಾಕಿಕೊಳ್ಳಲು ಬರುವಂಗೆ. ಕರವಸ್ತ್ರ ಬಿಚ್ಚಿ ರೊಟ್ಟಿ ಇಟ್ಟೆ. ಆಗ ಅವರಿಗೆ ತಿಳಿಯಿತು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಇನ್ನೊಬ್ಬರ ಸಮಾಧಿಯ ಕಟ್ಟೆಯ ಮೇಲೆ ಕುಸಿದು ಕುಂತಳು. ಅವ್ವ ಮಾತ್ರ ನೆಟ್ಟಗೆ ನಿಂತು ಆ ಸಣ್ಣ ರೊಟ್ಟಿಯನ್ನೇ ನೋಡುತ್ತಿದ್ದಳು. ಇದು ಎಲ್ಲಿಂದ ಬಂತು ಅಂತ ಕೇಳಿದಳು.

"ನೀನೇ ಮೂರ್ ಮಾಡೀದಿ ಅಲ್ಲವ್ವಾ. ನೀನೂ ಕಾಯ್ಲಾಕತ್ತೀದಿ ಅಲ್ಲ."

ಅವ್ವ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಯಾರದೋ ಕೈ ನೋಡಿದಂಗೆ ನೋಡಿಕೊಂಡಳು. ಮೂರು ಮಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಕೈಗಿ ಯಾರೂ ಹೇಳಿಲ್ಲ ಎಸ್ತಿ," ಅಂದಳು. "ಆಕಿ ಹೋಗ್ಯಾಳಂತ ಕೈಗಿ ಯಾರೂ ಹೇಳಿಲ್ಲ."

ಆಮೇಲೆ ಅವಳು ಅತ್ತಳು. ಮಳೆಗಾಲದಿಂದ ಹಿಡಿದಿಟ್ಟಿದ್ದೆಲ್ಲ ಅವತ್ತು ಬಂತು. ಆ ಸದ್ದನ್ನು ನಾನು ಈಗಲೂ ಮರೆತಿಲ್ಲ. ನನ್ನನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಮಣ್ಣಿನಲ್ಲೇ ಕುಂತುಬಿಟ್ಟಳು. ನನಗೆ ಆಗಲೂ ಪೂರ್ತಿ ತಿಳಿದಿರಲಿಲ್ಲ, ಹೊತ್ತು ಏರಿತಲ್ಲ, ಇನ್ನು ಏಳುವುದಿಲ್ಲವೋ ಏನೋ ಅಂತ ಅನುಮಾನ ಶುರುವಾಗಿತ್ತು ಅಷ್ಟೇ. ಅವ್ವ ನನಗೆ ಏಳುವುದಿಲ್ಲ ಅಂತ ಹೇಳಲಿಲ್ಲ. ಇನ್ನೊಂದು ಸ್ವಲ್ಪ ಕೂಡೋಣು ಅಂದಳು. ಹಂಗಾಗಿ ನಾವು ಐದೂ ಮಂದಿ ಅಲ್ಲೇ ಕುಂತೆವು. ಈಸ್ಟರ್ ಆರಾಧನೆ ತಪ್ಪಿಸುವುದು ಅಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಜ್ವರದಲ್ಲೂ ತಪ್ಪಿಸದ ಆಯಿ ಅವತ್ತು ಎದ್ದು ಹೋಗೋಣು ಅನ್ನಲಿಲ್ಲ. ಬಿಸಿಲು ಬೇವಿನ ಗಿಡ ದಾಟಿ ನಮ್ಮ ಮೇಲೆ ಬಂತು. ಅವ್ವ ಆ ಸಣ್ಣ ರೊಟ್ಟಿಯನ್ನು ಮುರಿದು ಎಲ್ಲರ ಕೈಗೆ ಒಂದೊಂದು ತುಂಡು ಹಾಕಿದಳು. ನಲವತ್ತು ದಿನದ ಉಪವಾಸವನ್ನು ನಾವು ಅಲ್ಲಿ ಬಿಟ್ಟೆವು. ಸೀದ ಅಂಚು ನನ್ನ ಪಾಲಿಗೆ ಬಂದಿತ್ತು, ಕಹಿಯಾಗಿತ್ತು.

ಹೊರಡುವಾಗ ನಾನು ಚಪ್ಪಲಿಗೆ ಕೈ ಹಾಕಿದೆ. ಅಪ್ಪ ತಡೆದ. ಮಂಡಿಯೂರಿ ಕುಂತು, ಕಾಲಿನ ಕಡೆಯ ಮಣ್ಣನ್ನು ಬರಿಗೈಯಿಂದ ತೋಡಿದ. ಒಣಗಿದ ಮಣ್ಣು, ಉಗುರಿನ ಸಂದಿಯಲ್ಲಿ ರಕ್ತ ಬಂದರೂ ಬಿಡಲಿಲ್ಲ. ಚಪ್ಪಲಿಯನ್ನು ಬಕಲು ಹಾಕದೆ, ಬಿಚ್ಚಿದ್ದು ಬಿಚ್ಚಿದಂತೆ ಒಳಗೆ ಇಟ್ಟು ಮುಚ್ಚಿದ.

"ಇಲ್ಲೇ ಇರ್ಲಿ," ಅಂದ. "ಎದ್ದಾಗ ಬೇಕಾಗ್ತಾವ."

ಮುಂದಿನ ವರ್ಷಗಳಲ್ಲೂ ಅವ್ವ ಗೂಡು ರೊಟ್ಟಿ ಮಾಡಿದಳು. ಹಿಟ್ಟು ಹರಿಯುವಾಗ ಈಗ ಕಣ್ಣು ಅದರ ಮೇಲೆಯೇ ಇರುತ್ತಿತ್ತು. ಒಂದು, ಎರಡು ಅಂತ ಬಾಯಿಬಿಟ್ಟು ಎಣಿಸಿ, ಎರಡು ಅಂದ ಮೇಲೆ ಕೈಯನ್ನು ತೊಡೆಯ ಮೇಲೆ ಒತ್ತಿ ಇಟ್ಟುಕೊಳ್ಳುತ್ತಿದ್ದಳು. ನಾನೂ ಸ್ಯಾಮಣ್ಣನೂ ಮೊಟ್ಟೆ ಗುದ್ದುವ ಆಟ ಬಿಟ್ಟೆವು. ಆಯಿ ಹೋದಳು. ಬೇಕರಿಯ ಜಾಗದಲ್ಲಿ ಕೋಚಿಂಗ್ ಸೆಂಟರ್ ಬಂತು. ಭಟ್ಟಿ ಇದ್ದ ಗೋಡೆಗೆ ಈಗ ರ‍್ಯಾಂಕ್ ಬಂದ ಹುಡುಗರ ಫೋಟೋ.

ಹೋದ ವರ್ಷ ಈಸ್ಟರ್ ಆದ ಮೇಲೆ ಅವ್ವನೂ ಹೋದಳು. ಸಮಾಧಿ ತೋಟದಲ್ಲಿ ಹೊಸ ಜಾಗ ಇಲ್ಲ. ಮನೆಯವರ ಹಳೆಯ ಸಮಾಧಿ ಇದ್ದರೆ ಅದನ್ನೇ ತೆಗೆದು ಮಣ್ಣು ಮಾಡಬೇಕು. ಕರುಣಾಳದನ್ನು ತೆಗೆದರು. ತೋಡುತ್ತಿದ್ದವನು ಮೇಲೆ ಬಂದು, ಇವು ಯಾರವು ಅಂತ ತೆಲುಗಿನಲ್ಲಿ ಕೇಳಿ ಕೈ ಚಾಚಿದ. ಬಕಲು ತುಕ್ಕು ಹಿಡಿದು ಉದುರಿಹೋಗಿತ್ತು. ಚಪ್ಪಲಿ ಮಾತ್ರ ಹಂಗೇ ಇದ್ದವು, ಮಣ್ಣು ಒರೆಸಿದರೆ ಗುಲಾಬಿ ಬಣ್ಣ. ಅಪ್ಪ ತನ್ನ ಧೋತರದ ಚುಂಗಿನಿಂದ ಎರಡನ್ನೂ ಒರೆಸಿ, ಇದ್ದ ಜಾಗದಲ್ಲೇ ಇಡಪ್ಪಾ ಅಂತ ಅವನಿಗೆ ವಾಪಸ್ ಕೊಟ್ಟ. ಪಕ್ಕದಲ್ಲಿ ನಿಂತ ನನ್ನ ಮಗಳು ಯಾರ ಚಪ್ಪಲಿ ಅಮ್ಮಾ ಅಂದಳು. ನಿಮ್ಮ ಚಿಕ್ಕಮ್ಮಂದು ಅಂದೆ. ಮಗಳಿಗೆ ಎಂಟು ವರ್ಷ.

ಈ ಸಲ ಈಸ್ಟರಿಗೆ ನಾನೇ ಗೂಡು ರೊಟ್ಟಿ ಮಾಡಿದೆ. ಮನೆಯಲ್ಲೇ ಓವನ್ ಇದೆ, ಲವಂಗದ ಗುರುತು ಯಾರಿಗೂ ಬೇಕಿಲ್ಲ, ಆದರೂ ಚುಚ್ಚಿದೆ. ನಸುಕಿನಲ್ಲಿ ಕಾರಿನಲ್ಲಿ ಸಮಾಧಿ ತೋಟಕ್ಕೆ ಹೋದೆವು. ಕ್ರಿಸ್ತ ಎದ್ದಿದಾನ ಅಂದರು, ಖರೇನೇ ಎದ್ದಿದಾನ ಅಂತ ನಾನೂ ಅಂದೆ. ಬಾಯಿಂದ ಅಂದೆ. ನಂಬುತ್ತೀಯಾ ಅಂತ ಯಾರಾದರೂ ಕೇಳಿದರೆ ಹೌದು ಅಂತಲೇ ಹೇಳುತ್ತೇನೆ. ಮೇಣದ ಬತ್ತಿ ಹಚ್ಚಿ ಹತ್ತು ನಿಮಿಷ ನಿಂತು, ಆರಾಧನೆಗೆ ಹೊತ್ತಾಯಿತು ಅಂತ ಮೊದಲು ಅಂದವಳು ನಾನೇ. ಕಾರಿನ ಬಾಗಿಲು ತೆಗೆಯುವಾಗ ಮಗಳು ಹಿಂದೆ ತಿರುಗಿ ಕೇಳಿದಳು:

"ಅಜ್ಜಿ ಚಪ್ಪಲಿ ಯಾಕ ತಂದಿಲ್ಲಮ್ಮಾ?"

ಅವ್ವನಿಗೆ ಬಿಳಿ ಸೀರೆ ಉಡಿಸಿದವಳು ನಾನು. ತಲೆ ಬಾಚಿದವಳು, ಕೈಗೆ ಶಿಲುಬೆ ಇಟ್ಟವಳು, ಪೆಟ್ಟಿಗೆಯಲ್ಲಿ ಹೂ ಹಾಕಿದವಳು ನಾನು. ಎಲ್ಲರೂ ಮೆಚ್ಚುವಂಗೆ, ಒಂದನ್ನೂ ಮರೆಯದೆ ಮಾಡಿದ್ದೆ. ಅವಳ ಕಾಲು ಬರಿದಾಗಿವೆ ಅನ್ನುವುದು ಮಗಳು ಕೇಳುವ ತನಕ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.